ಆತ್ರಿ ಅಂದೆ, ಆಪರೇಷನ್ ಆಗಿಹೋಯ್ತು

ಹೋದ ತಿಂಗಳು ನಾನೊಂದು ಆಪರೇಷನ್ ಮಾಡಿದೆ. ಹರ್ನಿಯಾದ್ದು. ಫೋನಿನಲ್ಲಿ.

ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಮೈಮರೆಸುವ ಇಂಜೆಕ್ಷನ್ನೂ ಇಲ್ಲ. ಒಂದೇ ಒಂದು ಶಬ್ದದಲ್ಲಿ ಮುಗಿಸಿಬಿಟ್ಟೆ. ಸರ್ಕಾರ ಒಪ್ಪಿತು. ಕಂಪ್ಯೂಟರ್ ಒಪ್ಪಿತು. ಒಪ್ಪದೇ ಉಳಿದದ್ದು ರೋಗಿಯ ಹೊಟ್ಟೆ ಮಾತ್ರ. ಅದು ಮೊದಲಿನ ಹಾಗೇ ನೋಯುತ್ತಿತ್ತು.

ನಗಬೇಡಿ. (ನಗ್ರಿ, ನಗ್ರಿ. ವಾರ ವಾರ ನಗಿಸಿ ನಿಮಗೆ ಚಟ ಹಚ್ಚಿದವನೇ ನಾನು. ಈಗ ಏಕಾಏಕಿ ಬೇಡ ಅಂದರೆ ಹೆಂಗ?)

ನನ್ನ ಕಸುಬು ನಿಮಗೆ ಗೊತ್ತೇ ಇದೆ. ಇನ್ನೊಬ್ಬರ ದನಿ ಕದಿಯುವುದು. ಗದಗ ಬಸ್ ಸ್ಟ್ಯಾಂಡಿನಲ್ಲಿ ಮುಂಡರಗಿ ಬಸ್ಸಿನ ಕಂಡಕ್ಟರು ಉಸಿರು ಬಿಡದೆ 'ಮುಂಡ್ರಗಿಮುಂಡ್ರಗಿಮುಂಡ್ರಗಿ' ಅನ್ನುವುದು, ಲಕ್ಷ್ಮೇಶ್ವರ ಬಸ್ಸಿನವರು ಮುನಿಸಿಕೊಂಡ ಅಳಿಯನನ್ನು ಊಟಕ್ಕೆ ಕರೆದ ಹಾಗೆ 'ಲಕ್ಷ್ಮೇಶ್ವರಾ...' ಅಂತ ರಾಗ ಎಳೆಯುವುದು, ಎಲ್ಲಾ ನನ್ನ ಸರಕು. ಶಿರಹಟ್ಟಿಯ ಒಂದು ಮದುವೆಯಲ್ಲಿ ಬೀಗರ ದನಿಯನ್ನು ಬೀಗರ ಎದುರಿಗೇ ತೆಗೆದು, ಊಟಕ್ಕೆ ಕೂರುವ ಮೊದಲೇ ಕೈ ತೊಳೆದುಕೊಂಡು ಬಂದವನು ನಾನು. ನಾಚಿಕೆ ಅನ್ನೋದು ನನಗೆ ಅಳತೆಗೆ ಸಿಗದ ಅಂಗಿ. ಹಾಗಂತ ತಿಳಿದುಕೊಂಡಿದ್ದೆ.

ಈಗ ಸಿಕ್ಕಿದೆ. ಮೈಗೆ ಸರಿಯಾಗಿಯೇ ಕೂತಿದೆ.

ಬೆಟಗೇರಿಯಲ್ಲಿ ನನ್ನ ಚಿಗವ್ವ ಶಾಂತವ್ವ ಇದ್ದಾಳೆ. ಅವ್ವನ ತಂಗಿ. ನೇಕಾರರ ಮನೆ, ಪಡಸಾಲೆಯ ತುಂಬ ಕೈಮಗ್ಗ. ಅವಳ ಮಗ ವಿರುಪಣ್ಣ. ನನಗಿಂತ ಬಹಳ ದೊಡ್ಡವನು. ಹುಟ್ಟುವಾಗಲೇ ಮೆದುಳಿಗೆ ಪೆಟ್ಟು ಬಿದ್ದು ಅವನ ಎಡಗೈ, ಎಡಗಾಲು ಹೇಳಿದ ಮಾತು ಕೇಳುವುದಿಲ್ಲ. ಕತ್ತು ಒಂದು ಕಡೆ ನಿಲ್ಲುವುದಿಲ್ಲ. ಮಾತು ನಿಧಾನ, ಎಳೆದೆಳೆದು ಬರುತ್ತದೆ. ಬಲಗೈ ಮಾತ್ರ ಭಾರೀ ಹುಷಾರು. ರಾಟಿ ತಿರುಗಿಸಿ ಕಂಡಕಿ ಅನ್ನುವ ಸಣ್ಣ ಕೊಳವೆಗೆ ನೂಲು ಸುತ್ತುತ್ತಾನೆ. ಅವನು ಸುತ್ತಿದ ಕಂಡಕಿ ಲಾಳಿಯಲ್ಲಿ ಹೋಗಿ ಬಂದು ಸೀರೆಯಾಗುತ್ತದೆ.

ಇನ್ನೊಂದು ಮಾತು. ನಮ್ಮ ಮನೆತನದಲ್ಲಿ ಚೇಷ್ಟೆಗೆ ನಾನು ಎರಡನೆಯವನು. ಮೊದಲನೆಯವನು ಅವನೇ. ಫರಕು ಇಷ್ಟೇ, ಅವನ ಜೋಕು ಮುಗಿಯುವವರೆಗೆ ಯಾರೂ ಕಾಯುವುದಿಲ್ಲ.

ಮಗ್ಗದ ಖಟಪಟ ಸದ್ದಿನ ನಡುವೆಯೂ ಚಿಗವ್ವನಿಗೆ ಅವನ ಒಂದು ಮಾತೂ ತಪ್ಪುವುದಿಲ್ಲ. ನನಗೂ ತಿಳಿಯುತ್ತದೆ. ಅಷ್ಟೇ ಅಲ್ಲ, ಅವನ ಹಾಗೆ ಮಾತಾಡಲಿಕ್ಕೂ ಬರುತ್ತದೆ. ಮನೆಯ ಕಾರ್ಯಕ್ರಮಗಳಲ್ಲಿ ನಾಲ್ಕು ಮಂದಿ ಸೇರಿದರೆ 'ಲೇ ಪರ್ಶ್ಯಾ, ವಿರುಪಣ್ಣಂದು ಮಾಡಲೇ' ಅಂತ ಯಾರಾದರೂ ಅನ್ನುತ್ತಾರೆ. ನಾನು ಕತ್ತು ವಾಲಿಸಿ ಶುರು ಮಾಡುತ್ತೇನೆ. ಎಲ್ಲರೂ ನಗುತ್ತಾರೆ. ಅವನೂ ನಗುತ್ತಾನೆ. (ನಗದೆ ಏನು ಮಾಡಬೇಕಿತ್ತು ಅಂತ ಇತ್ತೀಚೆಗೆ ಯೋಚನೆ ಹತ್ತಿದೆ.)

ಇಂಥಾ ವಿರುಪಣ್ಣನಿಗೆ ಹರ್ನಿಯಾ ಆಯಿತು. ತೊಡೆಸಂದಿಯ ಮೇಲೆ ಗಂಟು. ಕೆಮ್ಮಿದರೆ ನೋವು, ನಕ್ಕರೆ ನೋವು. ರಾಟಿ ಮುಂದೆ ಕೂರುವಾಗ ಹೊಟ್ಟೆಗೆ ಪಂಚೆ ಬಿಗಿದುಕೊಂಡು ಕೂರುತ್ತಿದ್ದ. ಗದಗಿನ ಒಂದು ಆಸ್ಪತ್ರೆಯಲ್ಲಿ ತೋರಿಸಿದೆವು. 'ಗಂಟು ಒಳಗ ಹೋಗಲಾರದಂಗ ಸಿಕ್ಕಿಬಿತ್ತು ಅಂದ್ರ ಜೀವಕ್ಕ ಬರ್ತೈತಿ. ತಡಾ ಮಾಡಬ್ಯಾಡ್ರಿ' ಅಂದರು ಡಾಕ್ಟರು.

ತಡ ಯಾರು ಮಾಡುತ್ತಾರೆ? ಸರ್ಕಾರದ ಆರೋಗ್ಯ ವಿಮೆಯ ಕಾರ್ಡು ಇತ್ತು. ಅದು ಇಲ್ಲದಿದ್ದರೆ ಆಪರೇಷನ್ನಿನ ಹೆಸರೇ ಎತ್ತುವ ಹಾಗಿರಲಿಲ್ಲ. ಅಷ್ಟು ಮಾತನ್ನು ಖರೆ ಖರೆ ಹೇಳಿಬಿಡಬೇಕು. ಬೈಯುವುದಕ್ಕೆ ಮೊದಲು ಅನ್ನದ ಋಣ.

ಆದರೆ ಕಾರ್ಡಿನ ಪದ್ಧತಿ ಈಗ ಸುಧಾರಿಸಿದೆ. ಸುಧಾರಣೆ ಯಾಕೆ ಬಂತು? ಆಗದ ಆಪರೇಷನ್ನಿಗೆ ಬಿಲ್ಲು ಹಚ್ಚುವ ಮಹಾನುಭಾವರು ಅಲ್ಲಲ್ಲಿ ಇದ್ದಾರಂತೆ. ಅವರನ್ನು ಹಿಡಿಯಬೇಕು. ಸರಿಯಾದ ಮಾತೇ. ಹಾಗಾಗಿ ಮುಖ ತೋರಿಸಬೇಕು, ಬೆರಳು ಒತ್ತಬೇಕು, ಕೊನೆಗೆ ಬೆಂಗಳೂರಿನಿಂದ ಒಂದು ಫೋನು ಬರುತ್ತದೆ, ಅದಕ್ಕೆ ರೋಗಿಯೇ ಉತ್ತರ ಕೊಡಬೇಕು. ಆ ದನಿ ರೆಕಾರ್ಡ್ ಆಗುತ್ತದೆ. ಹಾಗಂತ ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಕೂತ ಹುಡುಗಿ ನಮಗೆ ಹೇಳಿದಳು.

ಬೆರಳು? ನೂಲು ಹಿಡಿದೂ ಹಿಡಿದೂ ವಿರುಪಣ್ಣನ ಬಲಗೈ ಬೆರಳಿನ ಗೆರೆಗಳು ಸವೆದುಹೋಗಿವೆ. ಎಡಗೈ ಬಿಚ್ಚುವುದಿಲ್ಲ. ಮುಖ? ಮಶಿನ್ನು 'ಅಲುಗಾಡಬೇಡಿ' ಅಂತ ತೋರಿಸಿತು. ಅಲುಗಾಡದೇ ಇರಲು ಅವನಿಗೆ ಬಂದಿದ್ದರೆ ಅಂಗವಿಕಲರ ಕಾರ್ಡು ಯಾಕೆ ಬೇಕಿತ್ತು? ಚಿಗವ್ವ ಹಿಂದೆ ನಿಂತು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಮಶಿನ್ನು ಈಗ 'ಒಂದಕ್ಕಿಂತ ಹೆಚ್ಚು ಮುಖಗಳಿವೆ' ಅಂದಿತು. ಚಿಗವ್ವ ಬಗ್ಗಿ ಕುರ್ಚಿಯ ಹಿಂದೆ ಅಡಗಿದಳು, ಕೈ ಮಾತ್ರ ಮೇಲೆ. ಕೊನೆಗೂ ಆಯಿತು. ಆ ಫೋಟೋದಲ್ಲಿ ವಿರುಪಣ್ಣ ಪೊಲೀಸರಿಗೆ ಸಿಕ್ಕವನ ಹಾಗೆ ಕಾಣುತ್ತಾನೆ.

ಉಳಿದದ್ದು ಫೋನು.

ಮೊದಲ ಫೋನು ಬಂದಾಗ ವಿರುಪಣ್ಣನೇ ಎತ್ತಿದ. ಹೆಸರು ಕೇಳಿದರು. ಹೇಳತೊಡಗಿದ. ಆ ಕಡೆಯಿಂದ 'ಸರ್, ನಿಮ್ಮ ನೆಟ್ವರ್ಕ್ ಸರಿಯಿಲ್ಲ, ವಾಯ್ಸ್ ಕಟ್ ಆಗ್ತಿದೆ' ಅಂತ ಇಟ್ಟುಬಿಟ್ಟರು. ಎರಡನೇ ಸಲ ಅಂಗಳಕ್ಕೆ ಹೋಗಿ ನಿಂತು ಮಾತಾಡಿದ. ಮತ್ತೆ ಅದೇ. ಪಾಪ, ಅವನ ಬಾಯಿಯನ್ನು ಟವರ್ ಸಮಸ್ಯೆ ಅಂದುಕೊಂಡರು.

ಕೌಂಟರಿನ ಹುಡುಗಿಯ ಹತ್ತಿರ ಓಡಿದೆವು.

'ಇನ್ನೊಮ್ಮೆ ಹಿಂಗಾದ್ರ ಅರ್ಜಿ ತಾನ ರದ್ದಾಗತೈತ್ರಿ' ಅಂದಳು.

'ಅವಂಗ ಮಾತು ಬರಂಗಿಲ್ಲ ಅಂತ ಬರಕೋಳವಾ' ಅಂದಳು ಚಿಗವ್ವ.

'ಮಾತು ಬರಲಾರದವ್ರಿಗೆ ಬ್ಯಾರೆ ದಾರಿ ಐತ್ರಿ. ಆದ್ರ ಸರ್ಟಿಫಿಕೇಟ್ ಬೇಕು. ಇವರ ಸರ್ಟಿಫಿಕೇಟ್‌ನಾಗ ಕೈಕಾಲು ಅಷ್ಟ ಐತಿ. ಮಾತಿಂದಿಲ್ಲ.'

'ಹಂಗಾರ ಮಾತು ಬರ್ತೈತಿ ಅಂತ ಬರಕೋ.'

'ಬರ್ತೈತಿ ಅಂದ್ರ ಅವರ ಮಾತಾಡಬೇಕ್ರಿ.'

'ಮಾತಾಡಿದ್ನಲ್ಲವಾ, ಎರಡ ಸಲ!'

'ತಿಳೀಲಿಲ್ಲಂತಲ್ರಿ.'

ನೋಡ್ರಿ ಈ ಚಕ್ರ. ಮಾತು ಬರುತ್ತದೆ, ಆದ್ದರಿಂದ ಮಾತಾಡಬೇಕು. ಮಾತಾಡಿದರೆ ತಿಳಿಯುವುದಿಲ್ಲ, ಆದ್ದರಿಂದ ಮಾತು ಬರುವುದಿಲ್ಲ. ಬರುವುದಿಲ್ಲ ಅನ್ನಲಿಕ್ಕೆ ಕಾಗದ ಇಲ್ಲ, ಆದ್ದರಿಂದ ಬರುತ್ತದೆ. ವಿರುಪಣ್ಣನ ರಾಟಿ ಕೂಡ ಇಷ್ಟು ಚೆನ್ನಾಗಿ ತಿರುಗುವುದಿಲ್ಲ.

ಮನೆಗೆ ಬಂದ ಮೇಲೆ ಚಿಗವ್ವ ನನ್ನ ಮುಖ ನೋಡಿದಳು. ಬೇಳೆಯಲ್ಲಿ ಕಲ್ಲು ಹುಡುಕುವವರು ನೋಡುವ ಹಾಗೆ.

'ಪರ್ಶ್ಯಾ, ಮಂದಿ ಮುಂದ ಅಷ್ಟ ಚಂದ ಅವನಂಗ ಮಾತಾಡ್ತಿ. ಈಗ ಒಂದ ಸಲ ಕೆಲಸಕ್ಕ ಬರೂವಂಗ ಮಾತಾಡು.'

ನಾನು ವಿರುಪಣ್ಣನ ಕಡೆ ನೋಡಿದೆ. ಅವನು ಕಂಡಕಿ ಸುತ್ತುತ್ತಾ 'ಫೀ ಎಷ್ಟು ತಗೋತಿ?' ಅಂದ.

(ಇಲ್ಲೊಂದು ಸೂಚನೆ. ವಿರುಪಣ್ಣನ ಮಾತನ್ನು ನಾನಿಲ್ಲಿ ಒಡೆದೊಡೆದು, ಎಳೆದೆಳೆದು ಬರೆಯುವುದಿಲ್ಲ. ಹಾಗೆ ಬರೆದರೆ ಅದೂ ಒಂದು ಮಿಮಿಕ್ರಿಯೇ. ನೀವು ನಿಧಾನವಾಗಿ ಓದಿಕೊಳ್ಳಿ, ಸಾಕು.)

ಮೂರನೇ ಫೋನು ಬಂದದ್ದು, ವಾರಗಟ್ಟಲೆ ಕಾದ ಮೇಲೆ ನಳದಲ್ಲಿ ನೀರು ಬಂದ ದಿನ. ಗದಗ-ಬೆಟಗೇರಿಯಲ್ಲಿ ಇದ್ದವರಿಗೆ ನಾನು ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ನಳ ಬಂತು ಅಂದರೆ ನಮ್ಮಲ್ಲಿ ಹಬ್ಬ, ಯುದ್ಧ ಎರಡೂ ಒಟ್ಟಿಗೇ ಬಂದ ಹಾಗೆ. ಕೊಡ, ಬಕೀಟು, ಬ್ಯಾರಲ್ಲು, ಸಾರಿನ ಪಾತ್ರೆ, ಎಲ್ಲಾ ಅಂಗಳದಲ್ಲಿ. ಚಿಗವ್ವ ಪೈಪು ಹಿಡಿದು ಹೊರಗೆ, ನಾನು ತುಂಬಿದ ಕೊಡ ಹೊತ್ತು ಒಳಗೆ. ಅಷ್ಟರಲ್ಲಿ ಫೋನು ಬಡಕೊಂಡಿತು.

ಕೊಡ ಇಳಿಸಿ, ಗಂಟಲು ಸರಿ ಮಾಡಿಕೊಂಡೆ.

ನಾನು ತೆಗೆದದ್ದು ವಿರುಪಣ್ಣನ ಪೂರ್ತಿ ದನಿಯಲ್ಲ. ಪೂರ್ತಿ ತೆಗೆದರೆ ಮತ್ತೆ ನೆಟ್ವರ್ಕ್ ಸರಿಯಿಲ್ಲ ಅನ್ನುತ್ತಿದ್ದರಲ್ಲ? ಸ್ವಲ್ಪ ಎಳೆತ, ಒಂಚೂರು ನಡುಕ, ಬಾಕಿಯೆಲ್ಲ ಸಾಪು. ಊಟದ ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ ಅಂಗವೈಕಲ್ಯ ಬಡಿಸಿದೆ.

'ವಿರೂಪಾಕ್ಷಪ್ಪ ಅವರಾ ಮಾತಾಡ್ತಿರೋದು?'

'ಹೌದ್ರಿ.'

ತಂದೆಯ ಹೆಸರು, ಊರು, ಎಲ್ಲಾ ಕೇಳಿದರು. ಹೇಳಿದೆ. ಆ ಕಡೆ ಫೋನಿನಲ್ಲಿದ್ದ ಮೇಡಂಗೆ ಬಹಳ ಖುಷಿ. 'ಚೆನ್ನಾಗಿ ಮಾತಾಡ್ತೀರಿ ಸರ್' ಅಂದರು. ನನಗೆ ಚಪ್ಪಾಳೆ ಬಿದ್ದ ಹಾಗಾಯಿತು. ಅದೇ ಹೊತ್ತಿಗೆ ಅಂಗಳದಿಂದ ಚಿಗವ್ವ, 'ಲೇ, ನೀರು ಹೋಗೂದರಾಗ ಬಾರಲೇ!'

'ಹರ್ನಿಯಾ ಆಪರೇಷನ್, ಅಲ್ವಾ ಸರ್?'

'ಆತ್ರಿ.'

'ಆಯ್ತಾ?'

'ಆತ್ರಿ, ಆತ್ರಿ.'

'ಏನೂ ತೊಂದರೆ ಇಲ್ವಲ್ಲ?'

'ಏನಿಲ್ರಿ. ಆತ್ರಿ.'

'ಥ್ಯಾಂಕ್ಯೂ ಸರ್.'

ಫೋನಿಟ್ಟು ಎದೆ ಉಬ್ಬಿಸಿದೆ. ವಿರುಪಣ್ಣ ರಾಟಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

'ನಾ ಇಷ್ಟ ಚಂದ ಮಾತಾಡ್ತೀನೇನು?' ಅಂದ.

ನಾನು ನಕ್ಕು ಕೊಡ ಎತ್ತಿಕೊಂಡು ಹೋದೆ. ಅದು ಪ್ರಶ್ನೆ ಅಂತ ಆಗ ನನಗೆ ಅನ್ನಿಸಲಿಲ್ಲ.

ಈಗ 'ಆತು' ಅನ್ನುವ ಶಬ್ದದ ಬಗ್ಗೆ ಎರಡು ಮಾತು. ನಮ್ಮ ಕಡೆ ಹುಟ್ಟಿದವರಿಗೆ ಅದು ಉಸಿರು. ಚಹಾ ಕುಡೀತೀರೇನು ಅಂದರೆ ಆತ್ರಿ. ನಾಳೆ ಬರ್ರಿ ಅಂದರೆ ಆತ್ರಿ. ಹೆಣ್ಣಿನ ಕಡೆಯವರು ಒಪ್ಪಿದರೂ ಆತ್ರಿ, ಒಪ್ಪದೆ ಎದ್ದು ಹೋಗುವಾಗಲೂ ಆತ್ರಿ. 'ತಿಳೀತು' ಅಂತಲೂ ಆಗುತ್ತದೆ, 'ತಿಳೀಲಿಲ್ಲ, ಆದರೆ ಇನ್ನೊಮ್ಮೆ ಹೇಳಬ್ಯಾಡ್ರಿ' ಅಂತಲೂ ಆಗುತ್ತದೆ. ಫೋನಿನಲ್ಲಿ ಮಾತು ಮುಗಿಸಲಿಕ್ಕೆ ನಮಗೆ ಇರುವುದೇ ಅದೊಂದು. ಶಿಗ್ಲಿಯ ನನ್ನ ಗೆಳೆಯನೊಬ್ಬ 'ಆತು, ಆತು, ಆತು' ಅಂತ ಫೋನಿಟ್ಟು, ಆಮೇಲೆ 'ಯಾರಂತಲೇ ಅಂವಾ?' ಅಂತ ನನ್ನನ್ನೇ ಕೇಳಿದ್ದಾನೆ.

ಬೆಂಗಳೂರಿನಲ್ಲಿ 'ಆಯ್ತಾ' ಅಂದರೆ ಮುಗಿಯಿತಾ ಅಂತ.

ನಾನು ಮುಗಿದಿದೆ ಅಂದೆ. ನಾಲ್ಕು ಸಲ ಅಂದೆ. ರೆಕಾರ್ಡಿನಲ್ಲಿದೆ.

ಇದು ಗೊತ್ತಾದದ್ದು ಆಪರೇಷನ್ನಿಗೆ ಕೊಟ್ಟ ದಿನ. ವಿರುಪಣ್ಣ ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಹಿಂದಿನ ದಿನದಿಂದ ಗಂಟು ಗಟ್ಟಿಯಾಗಿ, ಒತ್ತಿದರೂ ಒಳಗೆ ಹೋಗುತ್ತಿರಲಿಲ್ಲ. ಆಟೋ ಹಾರಿದಾಗೆಲ್ಲ ನನ್ನ ಭುಜ ಹಿಡಿದು ಹಿಂಡುತ್ತಿದ್ದ. ಡಾಕ್ಟರು ನೋಡಿ 'ಇವತ್ತ ಮಾಡಬೇಕು' ಅಂದರು. ಕೌಂಟರಿಗೆ ಬಂದೆವು. ಹುಡುಗಿ ಕಂಪ್ಯೂಟರ್ ನೋಡಿದಳು, ನಮ್ಮನ್ನು ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿದಳು.

'ಇವರ್ದು ಆಪರೇಷನ್ ಆಗೈತಿ ಅಂತ ತೋರ್ಸಾಕತ್ತೈತ್ರಿ.'

'ಏನು?'

'ಆಗೈತಿ ಅಂತ. ಪೇಷಂಟ ಫೋನಿನ್ಯಾಗ ಹೇಳ್ಯಾರಂತ. ಫೈಲ್ ಕ್ಲೋಸ್ ಆಗೈತಿ.'

ಚಿಗವ್ವ ಹಿಂದೆ ಮುಂದೆ ನೋಡಲಿಲ್ಲ. ಅಷ್ಟು ಜನರ ನಡುವೆ ಮಗನ ಅಂಗಿ ಎತ್ತಿದಳು. 'ಎಲ್ಲಿ ಆಗೈತಿ ತೋರ್ಸವಾ! ಎಲ್ಲಿ ಹೊಲಿಗಿ? ಎಲ್ಲಿ?'

'ಅಮ್ಮಾರ, ನಮ್ಮ ಸಿಸ್ಟಮ್ಮಿಗೆ ಹೊಟ್ಟಿ ಕಾಣಂಗಿಲ್ರಿ' ಅಂದಳು ಹುಡುಗಿ. ಅವಳ ದನಿಯಲ್ಲಿ ಕುಹಕ ಇರಲಿಲ್ಲ. ಅವಳಿಗೂ ಅಳು ಬಂದಿತ್ತು.

ನಾನು? ನಾನು ಪಕ್ಕದ ಗೋಡೆಯ ಮೇಲಿನ 'ಚಪ್ಪಲಿ ಹೊರಗೆ ಬಿಡಿ' ಬೋರ್ಡನ್ನು ಭಾರೀ ಶ್ರದ್ಧೆಯಿಂದ ಓದುತ್ತಿದ್ದೆ.

ಒಂದೇ ದಾರಿ ಇತ್ತು. ರೋಗಿಯೇ ಆ ಕೇಂದ್ರಕ್ಕೆ ಫೋನು ಮಾಡಿ ತಪ್ಪು ಆಗಿದೆ ಅನ್ನಬೇಕು. ಹುಡುಗಿ ತನ್ನ ಟೇಬಲ್ಲಿನ ಫೋನಿನಿಂದಲೇ ಹಚ್ಚಿಕೊಟ್ಟಳು. ಸ್ಪೀಕರ್ ಹಾಕಿದಳು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ, 'ಮೊದಲ ಬ್ಯಾರೆದವ್ರು ಮಾತಾಡಿದ್ರು ಅಂತ ಮಾತ್ರ ಹೇಳಬ್ಯಾಡ್ರಿ. ಕಾರ್ಡ ಲಾಕ್ ಮಾಡ್ತಾರ. ಆಮ್ಯಾಲ ತನಿಖಿ, ಅದು ಇದು. ಇವರ ಕಡೆ ಅಷ್ಟು ಟೈಮಿಲ್ರಿ' ಅಂದಳು. ಅವಳಿಗೆ ಹೇಗೆ ಗೊತ್ತಾಯಿತು? ನನ್ನ ಮುಖದ ಮೇಲೆ ಬರೆದಿತ್ತು ಅಂತ ಕಾಣುತ್ತದೆ.

ವಿರುಪಣ್ಣ ನನ್ನ ಕಡೆ ನೋಡಲಿಲ್ಲ. ತಾನೇ ಟೇಬಲ್ ಹಿಡಿದು ಬಗ್ಗಿದ.

'ನಾನು ವಿರೂಪಾಕ್ಷಪ್ಪ' ಅಂದ. 'ನಂದು ಆಪರೇಷನ್ ಆಗಿಲ್ಲ. ಬ್ಯಾನಿ ಐತಿ. ನನ್ನ ಮಾತು ನಿಧಾನ ಐತ್ರಿ. ನೀವು ಸ್ವಲ್ಪ ನಿಧಾನ ಕೇಳ್ರಿ.'

ಇಷ್ಟು ಹೇಳಲಿಕ್ಕೆ ಅವನಿಗೆ ಬಹಳ ಹೊತ್ತು ಬೇಕಾಯಿತು. ಹಣೆಯ ಮೇಲೆ ಬೆವರು. ಸಾಲಿನಲ್ಲಿ ನಿಂತವರೆಲ್ಲ ಕತ್ತು ಚಾಚಿ ಕೇಳುತ್ತಿದ್ದರು. ಅಲ್ಲಿದ್ದ ಪ್ರತಿಯೊಬ್ಬರಿಗೂ ಆ ಮಾತು ತಿಳಿದಿತ್ತು. ಯಾಕೆಂದರೆ ಕಾದರು. ಕಾದರೆ ತಿಳಿಯುತ್ತದೆ. ಅಷ್ಟೇ ಅದರ ಗುಟ್ಟು.

ಸ್ಪೀಕರಿನಿಂದ ಒಂದು ನಿಟ್ಟುಸಿರು ಬಂತು. ಆಮೇಲೆ ಈ ಮಾತು.

'ಸರ್, ಯಾರು ನೀವು? ಹೀಗೆಲ್ಲ ಮಿಮಿಕ್ರಿ ಮಾಡಬೇಡಿ. ಪೇಷಂಟ್ ವಾಯ್ಸ್ ನಮ್ಮ ಹತ್ರ ಇದೆ. ಅವರು ಚೆನ್ನಾಗೇ ಮಾತಾಡಿದಾರೆ. ಅಂಗವಿಕಲರ ಥರ ಮಾತಾಡೋದು ತಮಾಷೆ ಅಲ್ಲ ಸರ್.'

ಓದಿದಿರಾ? ಇನ್ನೊಮ್ಮೆ ಓದಿ. ನಾನಂತೂ ಅವತ್ತಿನಿಂದ ಕೇಳುತ್ತಲೇ ಇದ್ದೇನೆ.

ಅಂಗವಿಕಲರ ಥರ ಮಾತಾಡೋದು ತಮಾಷೆ ಅಲ್ಲ. ಎಷ್ಟು ಸರಿಯಾದ ಮಾತು! ಯಾರಿಗೆ ಹೇಳಬೇಕಿತ್ತೋ ಅವನು ಎರಡು ಹೆಜ್ಜೆ ಹಿಂದೆ ಬೋರ್ಡು ಓದುತ್ತಾ ನಿಂತಿದ್ದ. ಕೇಳಿಸಿಕೊಂಡದ್ದು ವಿರುಪಣ್ಣ.

ಅವನು ನಕ್ಕ. ನಿಜವಾಗಿ ನಕ್ಕ. ನಕ್ಕದ್ದಕ್ಕೆ ನೋವು ಬಂದು ಹೊಟ್ಟೆ ಹಿಡಿದುಕೊಂಡು ಕೆಳಗೆ ಕೂತ.

'ಪೇಷಂಟ್ ಇದ್ರೆ ಅವರಿಗೇ ಕೊಡಿ' ಅಂತ ಸ್ಪೀಕರ್ ಕೂಗುತ್ತಿತ್ತು.

'ಮಾತಾಡಲೇ ಪರ್ಶ್ಯಾ' ಅಂದಳು ಚಿಗವ್ವ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕೈ ಮುಗಿದಳು. ನನಗೆ. ಅವಳ ಮಡಿಲಲ್ಲಿ ಉಂಡು ಬೆಳೆದವನಿಗೆ.

ನಾನು ವಿರುಪಣ್ಣನ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. 'ಅಣ್ಣಾ, ನಾನ ಮಾತಾಡೇನಿ ಅಂತ ಖರೆ ಹೇಳಿಬಿಡಲೇನು?'

ಅವನು ಹಲ್ಲು ಕಚ್ಚಿಕೊಂಡು ಅಂದ. 'ಈಗ ಖರೆ ಹೇಳಿ ನನ್ನ ಸಾಯಿಸಬ್ಯಾಡ. ಮಾಡು. ಹೊಟ್ಟಿ ನಂದು, ಬಾಯಿ ನಿಂದು.'

ಎದ್ದು ನಿಂತು ಬಾಯಿ ತೆಗೆದೆ. ದನಿ ಬರಲಿಲ್ಲ. ಶಾಲೆಗಳ ಗ್ಯಾದರಿಂಗಿನಲ್ಲಿ, ಮದುವೆ ಮಂಟಪದಲ್ಲಿ, ಸಾವಿರ ಜನರ ಮುಂದೆ ಕೈಕೊಡದ ದನಿ ಇಲ್ಲಿ ಕೈಕೊಟ್ಟಿತು. ಯಾಕೆಂದರೆ ಇವತ್ತು ಯಾರೂ ನಗಲಿಕ್ಕೆ ಕಾಯುತ್ತಿರಲಿಲ್ಲ. ಕಷ್ಟಪಟ್ಟು ತೆಗೆದೆ. ಅದು ವಿರುಪಣ್ಣನ ದನಿಯೂ ಅಲ್ಲ, ನನ್ನದೂ ಅಲ್ಲ. ಏನೋ ಒಂದು.

'ಮೇಡಂ, ನಾನು ವಿರೂಪಾಕ್ಷಪ್ಪ. ನನ್ನ ಆಪರೇಷನ್ ಆಗಿಲ್ಲ. ಇನ್ನೂ ಆಗಬೇಕಾಗಿದೆ.' ಹುಟ್ಟಿದಂದಿನಿಂದ ಆಡದ ಪುಸ್ತಕದ ಕನ್ನಡ.

'ಹಾಂ, ಈಗ ವಾಯ್ಸ್ ಮ್ಯಾಚ್ ಆಗ್ತಿದೆ' ಅಂದರು. 'ಮೊದಲೇ ನೀವೇ ಮಾತಾಡಬಾರದಿತ್ತಾ ಸರ್? ಯಾರ್ಯಾರ ಕೈಗೋ ಯಾಕೆ ಕೊಡ್ತೀರಿ ಫೋನು?'

ಫೈಲು ತೆರೆಯಿತು. ನಾಲಿಗೆಯ ತುದಿಗೆ 'ಆತ್ರಿ' ಬಂದಿತ್ತು. ನುಂಗಿದೆ. 'ಧನ್ಯವಾದಗಳು' ಅಂದೆ.

ಹಿಂದೆ ಸಾಲಿನಲ್ಲಿ ಒಬ್ಬ ಮುದುಕಿ, ಮುಂಡರಗಿ ಕಡೆಯವಳು, ಪಕ್ಕದವಳಿಗೆ ಹೇಳುತ್ತಿದ್ದಳು. 'ಯವ್ವಾ, ಆ ಹುಡುಗ ಎಷ್ಟ ಚಂದ ಅಂವನಂಗ ಮಾತಾಡ್ತಾನ ನೋಡು.' ಜೀವನದಲ್ಲಿ ಮೊದಲ ಸಲ ಒಂದು ಹೊಗಳಿಕೆಗೆ ತಲೆ ತಗ್ಗಿಸಿದೆ.

ಆ ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ದಿನವಿಡೀ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತವರು. ಒಂದು ಫೋನಿಗೆ ಇಷ್ಟೇ ಹೊತ್ತು ಅಂತ ಅವರಿಗೂ ಯಾರೋ ಹೇಳಿರುತ್ತಾರೆ. ಅವರು ಕಳ್ಳರನ್ನು ಹಿಡಿಯಲಿಕ್ಕೆ ಕೂತವರು. ಹಿಡಿದರು ಕೂಡ. ಕಳ್ಳ ಇದ್ದದ್ದು ನಿಜ. ಅವರು ಹಿಡಿದದ್ದು ಮಾತ್ರ ಅವನನ್ನಲ್ಲ.

ಬಲೆ ಬೀಸಿದಾಗ ಓಡಬಲ್ಲವರು ಓಡುತ್ತಾರೆ. ಸಿಕ್ಕುವವರು ಯಾರು? ನಿಮಗೇ ಗೊತ್ತು.

ಮೊನ್ನೆ ಲಕ್ಷ್ಮೇಶ್ವರಕ್ಕೆ ಒಂದು ಕಾರ್ಯಕ್ರಮಕ್ಕೆ ಹೋದಾಗ ಅಲ್ಲಿಯ ಒಬ್ಬ ತಾಯಿ ಸಿಕ್ಕಿದ್ದರು. ಮಗಳಿಗೆ ಕಿವಿ ಕೇಳುವುದಿಲ್ಲ. ಅವಳಿಗೂ ಇಂಥದೇ ಫೋನು ಬಂತಂತೆ, 'ಬೀಪ್ ಶಬ್ದದ ನಂತರ ಉತ್ತರಿಸಿ' ಅಂತ. 'ಯಾವ ಬೀಪ್ರಿ?' ಅಂತ ಆ ತಾಯಿ ನನ್ನನ್ನು ಕೇಳಿದರು.

ಹೆಸರು ಮಾತ್ರ ನಾವು ಚೆಂದ ಚೆಂದ ಇಡುತ್ತೇವೆ. ಮೊದಲು ಕುಂಟ, ಕಿವುಡ ಅಂತಿದ್ದೆವು. ಆಮೇಲೆ ಅಂಗವಿಕಲ ಆಯಿತು. ಈಗ ವಿಶೇಷಚೇತನ. ಶಬ್ದ ಪ್ರತಿ ಸಲ ಒಂದು ಮೆಟ್ಟಿಲು ಮೇಲೇರುತ್ತದೆ. ಮನುಷ್ಯ ಮಾತ್ರ ಕೆಳಗೇ ನಿಂತಿದ್ದಾನೆ, ಮೆಟ್ಟಿಲಿಗೆ ಹಿಡಿಕೆಯಿಲ್ಲ. ವಿಮೆ ಎಲ್ಲರಿಗೂ ಅಂತ ಬರೆದಿರುತ್ತದೆ. ಆದರೆ ಆ 'ಎಲ್ಲರೂ' ಸರಿಯಾಗಿ ಕಣ್ಣು ಮಿಟುಕಿಸಬೇಕು, ನೆಟ್ಟಗೆ ಕೂರಬೇಕು, ಸ್ಪಷ್ಟವಾಗಿ ಮಾತಾಡಬೇಕು. ವೈಕಲ್ಯ ಕಾರ್ಡಿನಲ್ಲಿ ಇರಲಿ, ಬಾಯಿಯಲ್ಲಿ ಯಾಕೆ ತರ್ತೀರಿ, ಅನ್ನುವ ಹಾಗೆ. ಅವರಿಗೆ ಬೇಕಾದ ವಿರುಪಣ್ಣ ನಾನು. ಸ್ವಲ್ಪ ಎಳೆತ, ಒಂಚೂರು ನಡುಕ, ಬಾಕಿಯೆಲ್ಲ ಸಾಪು.

ಸರ್ಕಾರವನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಆ ಸಾಪು ವಿರುಪಣ್ಣನನ್ನು ತಯಾರು ಮಾಡಿದ್ದು ಯಾವ ಇಲಾಖೆ? ನಮ್ಮ ಪಡಸಾಲೆಯಲ್ಲಿ, ನಿಮ್ಮ ಚಪ್ಪಾಳೆಗೆ, ನಾನೇ.

ಆಪರೇಷನ್ ಆಯಿತು. (ಈ ಸಲ ಖರೆ ಖರೆ ಆಯಿತು.) ಇನ್ನೂ ತಡವಾಗಿದ್ದರೆ ಕರುಳಿಗೇ ಕತ್ತರಿ ಹಾಕಬೇಕಾಗುತ್ತಿತ್ತು ಅಂದರು ಡಾಕ್ಟರು. ಮನೆಗೆ ಬಂದ ವಿರುಪಣ್ಣ ರಾಟಿಯ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು ಮಲಗಿದ. ನಾನು ದಿನಾ ಸಂಜೆ ಹೋಗುತ್ತಿದ್ದೆ. ಗಿರ್ಮಿಟ್ಟು ತಗೊಂಡು ಹೋಗುತ್ತಿದ್ದೆ. ಅವನು ತಿನ್ನುವ ಹಾಗಿರಲಿಲ್ಲ, ನಾನೇ ತಿಂದು ಬರುತ್ತಿದ್ದೆ.

ಇದನ್ನು ಬರೆಯಲಾ ಅಂತ ಅವನನ್ನೇ ಕೇಳಿದೆ.

'ಬರಿ' ಅಂದ. 'ನನ್ನ ಮಾತು ಒಡೆದು ಬರೀಬ್ಯಾಡ. ನಾ ಒಡೆದು ಆಡಂಗಿಲ್ಲ. ನಿಮಗ ಹಂಗ ಕೇಳಸ್ತೈತಿ.'

(ಹೆಸರು, ಗುರುತು ಬದಲಿಸಿದ್ದೇನೆ. ಓದಿ ಯಾರಿಗಾದರೂ ಕಾರ್ಡು ಲಾಕ್ ಮಾಡಬೇಕು ಅನ್ನಿಸಿದರೆ ನನ್ನದು ಮಾಡ್ರಿ.)

ಮೊನ್ನೆ ಮತ್ತೆ ಫೋನು ಬಂತು. ಅದೇ ಕೇಂದ್ರ. ಚಿಕಿತ್ಸೆ ಹೇಗಾಯಿತು ಅಂತ ಕೇಳುವ ಫೋನು. ವಿರುಪಣ್ಣ ನಂಬರು ನೋಡಿದ. ಎತ್ತಲಿಲ್ಲ. ಫೋನನ್ನು ನನ್ನ ಕಡೆ ಚಾಚಿದ.

'ನೀನ ಮಾತಾಡಣ್ಣಾ' ಅಂದೆ.

'ನನ್ನ ದನಿ ಅವರ ಕಡೆ ನಿಂದೈತಿ. ನಾ ಮಾತಾಡಿದ್ರ ಕಳ್ಳ ಆಗ್ತೀನಿ.' ಮೇಲೊಂದು ಸೇರಿಸಿದ. 'ಇನ್ನ ಮ್ಯಾಲ ನನಗ ಜ್ವರ ಬಂದ್ರೂ ನೀ ಊರಾಗ ಇರಬೇಕು.'

ಅದು ಜೋಕು. ಈ ಸಲ ನಾನು ಮುಗಿಯುವವರೆಗೂ ಕಾದಿದ್ದೆ. ನಗು ಬರಲಿಲ್ಲ.

ಫೋನು ಎತ್ತಿದೆ. ಸ್ಪೀಕರ್ ಹಾಕಿದೆ. ಹೆಸರು ಕೇಳಿದರು. ಆ ಹಾಳು ದನಿಯಲ್ಲಿ ಹೌದು ಅಂದೆ. 'ನಮ್ಮ ಸೇವೆಯಿಂದ ನಿಮಗೆ ತೃಪ್ತಿ ಆಯ್ತಾ ಸರ್?' ಅಂದರು. ಈ ಒಂದು ಪ್ರಶ್ನೆಗಾದರೂ ಅವನೇ ಉತ್ತರ ಕೊಡಲಿ ಅನ್ನಿಸಿ ಫೋನನ್ನು ವಿರುಪಣ್ಣನ ಬಾಯಿಯ ಹತ್ತಿರ ಹಿಡಿದೆ.

ವಿರುಪಣ್ಣ ಕತ್ತು ಎತ್ತಿದ. ಉಸಿರು ತೆಗೆದುಕೊಂಡ. ತನ್ನ ಸ್ವಂತ ದನಿಯಲ್ಲಿ, ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು, ಒಂದೇ ಮಾತು ಹೇಳಿದ.

'ಆತ್ರಿ.'

'ಹಲೋ? ಯಾರು ಸರ್ ಮಾತಾಡಿದ್ದು?' ಅಂತು ಫೋನು.

ನಾನು ಗಾಬರಿಯಾಗಿ ಕಟ್ ಮಾಡಿಬಿಟ್ಟೆ.

ವಿರುಪಣ್ಣ ನನ್ನ ಕಡೆ ತಿರುಗಿ ಕೇಳಿದ. 'ಈಗರ ಮಾತಾಡಿದಾಂವ ಖರೇ ವಿರೂಪಾಕ್ಷಪ್ಪ ಅಂತ ಹೇಳಾಕ ಏನಾಗಿತ್ತಲೇ ನಿನಗ?'